ಕಾಮಾಲೆಯ ಮದ್ದು ಮತ್ತು ಪ್ರಯೋಗದ ವರದಿ: ನೆಲನೆಲ್ಲಿಯನ್ನು ಕುರಿತು

ಕರ್ನಾಟಕದ ಜನಪದ ವೈದ್ಯದಲ್ಲಿ ಕಾಮಾಲೆಗೆ ಕೊಡುವ ಮದ್ದುಗಳ ಪೈಕಿ ನೆಲನೆಲ್ಲಿಗೆ ಮುಖ್ಯ ಸ್ಥಾನವಿದೆ. ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ, ಹಿತ್ತಿಲುಗಳಲ್ಲಿ ತಾನಾಗಿ ಹುಟ್ಟುವ, ಎಲೆಗಳ ಅಡಿಯಲ್ಲಿ ಪುಟ್ಟ ಕಾಯಿಗಳನ್ನು ಸಾಲಾಗಿ ಹಿಡಿದಿರುವ ಈ ಗಿಡವನ್ನು ಅರೆದು, ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕದಡಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಕೊಡುವ ಪದ್ಧತಿ ವ್ಯಾಪಕವಾಗಿದೆ. ಜೊತೆಗೆ ಎಣ್ಣೆ, ಖಾರಗಳನ್ನು ಬಿಡುವ ಪಥ್ಯವಿದೆ. ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆಂಬ ನಂಬಿಕೆಯಿಂದ ಗಿಡವನ್ನು ಗುಟ್ಟಾಗಿಡುವ ನಾಟಿವೈದ್ಯರೂ ಉಂಟು. ಇಂತಹ ಮದ್ದೊಂದು ಆಧುನಿಕ ಚಿಕಿತ್ಸಾ ಪ್ರಯೋಗಕ್ಕೆ ಒಳಗಾದಾಗ, ಆ ಪ್ರಯೋಗವನ್ನು ಹೇಗೆ ಬರೆದಿಡಬೇಕೆಂಬುದು ವೈದ್ಯವಿಜ್ಞಾನದ ಪ್ರಶ್ನೆಯಾಗಿರುವಂತೆ ಜಾನಪದ ಅಧ್ಯಯನದ ಪ್ರಶ್ನೆಯೂ ಹೌದು.

1988ರಲ್ಲಿ ಮದ್ರಾಸಿನ ಸಂಶೋಧಕ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ನೆಲನೆಲ್ಲಿಯ ಪ್ರಯೋಗವೊಂದನ್ನು ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದಿದ್ದ ಬರೂಕ್ ಬ್ಲೂಮ್‌ಬರ್ಗ್ ಅವರೂ ಸಹಲೇಖಕರಾಗಿದ್ದರು. ವೈರಸ್ಸನ್ನು ದೇಹದಲ್ಲಿ ಹೊತ್ತವರಿಗೆ 30 ದಿನ ಮದ್ದು ಕೊಡಲಾಯಿತು. ಮದ್ದು ಪಡೆದ 37 ಮಂದಿಯಲ್ಲಿ 22 ಮಂದಿಯ, ಅಂದರೆ ಶೇ. 59ರಷ್ಟು ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಈ ಫಲಿತಾಂಶ ಬೆರಗು ಹುಟ್ಟಿಸುವಂಥದೇ. ಆದರೆ 37 ಮತ್ತು 23 ಎಂಬ ಸಂಖ್ಯೆಗಳ ಬಳಿ ಸ್ವಲ್ಪ ನಿಲ್ಲಬೇಕು. ಎರಡು ಗುಂಪುಗಳು ಇಷ್ಟು ಅಸಮವಾದದ್ದೇಕೆ? ಆರಂಭದಲ್ಲಿ ಎಷ್ಟು ಜನ ಸೇರಿದ್ದರು, ನಡುವೆ ಬಿಟ್ಟುಹೋದವರು ಯಾರು, ಗುಣ ಕಾಣದೆ ಬಿಟ್ಟರೋ ಗುಣವಾಯಿತೆಂದು ಬಿಟ್ಟರೋ? ಸಾರಾಂಶವನ್ನಷ್ಟೇ ಓದುವವರಿಗೆ ಉತ್ತರ ದೊರೆಯುವುದಿಲ್ಲ. ಬಹುಪಾಲು ಓದುಗರು ಓದುವುದಾದರೋ ಸಾರಾಂಶವನ್ನೇ. ಲೇಖಕರು ಇದನ್ನು ಪ್ರಾಥಮಿಕ ಅಧ್ಯಯನವೆಂದು ಪ್ರಾಮಾಣಿಕವಾಗಿ ಹೇಳಿದ್ದರು. ಬಾಯಿಂದ ಬಾಯಿಗೆ, ಲೇಖನದಿಂದ ಲೇಖನಕ್ಕೆ ಸಾಗಿದ ಸುದ್ದಿಯಲ್ಲಿ ಮೊದಲು ಉದುರಿಹೋದದ್ದು ‘ಪ್ರಾಥಮಿಕ’ ಎಂಬ ಮಾತೇ. ಕಥನಗಳ ಪ್ರಸರಣವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ.

ಇನ್ನೊಂದು ಪಲ್ಲಟವೂ ನಡೆಯಿತು. ಪ್ರಯೋಗ ನಡೆದದ್ದು ವೈರಸ್ಸಿನ ವಾಹಕರ ಮೇಲೆ. ವಾಹಕರಲ್ಲಿ ಅನೇಕರಿಗೆ ಕಣ್ಣು ಹಳದಿಯಾಗುವುದಿರಲಿ, ಯಾವ ಬಾಧೆಯೂ ಇರುವುದಿಲ್ಲ. ಜನಪದ ಪರಿಭಾಷೆಯ ‘ಕಾಮಾಲೆ’ಯಾದರೋ ಕಣ್ಣಿಗೆ ಕಾಣುವ ಲಕ್ಷಣ, ಅದರ ಹಿಂದಿನ ಕಾರಣಗಳು ಹಲವು. ಹೆಪಟೈಟಿಸ್ ಎ ವೈರಸ್ಸಿನಿಂದ ಬರುವ ಕಾಮಾಲೆ ಬಹುತೇಕ ತಾನಾಗಿಯೇ ಇಳಿಯುತ್ತದೆ. ಆದ್ದರಿಂದಲೇ ಮದ್ದು ಪಡೆಯದ ಗುಂಪಿನೊಡನೆ ಹೋಲಿಸದೆ ಯಶಸ್ಸನ್ನು ಮದ್ದಿನ ಲೆಕ್ಕಕ್ಕೆ ಬರೆಯಲಾಗದು. ಮದ್ರಾಸಿನ ಫಲಿತಾಂಶವನ್ನು ‘ಕಾಮಾಲೆಗೆ ನೆಲನೆಲ್ಲಿ ಸಿದ್ಧೌಷಧ’ ಎಂದು ಉಲ್ಲೇಖಿಸುವಾಗ ಒಂದು ಕಾಯಿಲೆಯ ಸಾಕ್ಷ್ಯವನ್ನು ಇನ್ನೊಂದಕ್ಕೆ ಹೊರಿಸಿದಂತಾಗುತ್ತದೆ.

ಅನಂತರ ಥಾಯ್ಲೆಂಡಿನಿಂದ 1990ರಲ್ಲಿ, ನ್ಯೂಜಿಲೆಂಡಿನಿಂದ 1994ರಲ್ಲಿ ಬಂದ ವರದಿಗಳು ಮದ್ದು ಫಲಿಸಲಿಲ್ಲವೆಂದವು. ಕಾರಣ ಗಿಡದ ಭೇದವೋ, ಬೆಳೆದ ನೆಲವೋ, ಕಿತ್ತ ಕಾಲವೋ, ಅಥವಾ ಮೊದಲ ಫಲಿತಾಂಶವೇ ಆಕಸ್ಮಿಕವೋ? ನೆಲನೆಲ್ಲಿ ಎಂಬ ಒಂದೇ ಹೆಸರಿನಲ್ಲಿ ಫಿಲಾಂತಸ್ ಕುಲದ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಬಳಕೆಯಲ್ಲಿವೆ. ಭಾರತದ ಬರಹಗಳಲ್ಲಿ ‘ನಿರೂರಿ’ ಎಂದು ಕರೆದ ಗಿಡ ಎಷ್ಟೋ ವೇಳೆ ‘ಅಮಾರಸ್’ ಆಗಿರುತ್ತದೆ. ಗಿಡ ಯಾವುದೆಂದೇ ನಿಶ್ಚಯವಿಲ್ಲದ ವರದಿಗಳನ್ನು ಪರಸ್ಪರ ಹೋಲಿಸುವುದು ವ್ಯರ್ಥ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 16 ಪ್ರಯೋಗಗಳನ್ನೂ 1326 ರೋಗಿಗಳನ್ನೂ ಪರಿಶೀಲಿಸಿ, ಹುಸಿಮದ್ದಿಗಿಂತ ಇದು ಮೇಲೆಂಬುದಕ್ಕೆ ಮನವೊಪ್ಪುವ ಆಧಾರವಿಲ್ಲವೆಂದಿತು. ಸಾವು, ಬದುಕಿನ ಗುಣಮಟ್ಟ ಮುಂತಾದ ರೋಗಿಗೆ ನಿಜಕ್ಕೂ ಬೇಕಾದ ಸಂಗತಿಗಳನ್ನು ಆ ಪ್ರಯೋಗಗಳಲ್ಲಿ ಒಂದೂ ವರದಿ ಮಾಡಿರಲಿಲ್ಲ.

ಇಂತಹ ಕೊರತೆಗಳನ್ನು ನೀಗಲೆಂದು 1996ರಲ್ಲಿ ‘ಕನ್ಸಾರ್ಟ್’ ಎಂಬ ಮಾರ್ಗಸೂಚಿ ರೂಪುಗೊಂಡಿತು. 2001, 2010, 2025ರಲ್ಲಿ ಪರಿಷ್ಕೃತವಾದ ಅದರ ಈಚಿನ ಪಟ್ಟಿಯಲ್ಲಿ 30 ಅಂಶಗಳಿವೆ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿದ ಬಗೆ, ಸೇರಿದವರು, ಬಿಟ್ಟವರು, ಕೊನೆಗೆ ಲೆಕ್ಕಕ್ಕೆ ಸಿಕ್ಕವರು, ಇವೆಲ್ಲವನ್ನೂ ಒಂದು ನಕ್ಷೆಯಲ್ಲಿ ತೋರಿಸಬೇಕೆಂದು ಅದು ಕೇಳುತ್ತದೆ. 37 ಮತ್ತು 23ರ ಒಗಟಿಗೆ ಬೇಕಾದದ್ದು ಇದೇ ನಕ್ಷೆ. 2006ರಲ್ಲಿ ಗಿಡಮೂಲಿಕೆ ಪ್ರಯೋಗಗಳಿಗಾಗಿಯೇ ಒಂದು ವಿಸ್ತರಣೆ ಪ್ರಕಟವಾಯಿತು. ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ಸಾರ ತೆಗೆದ ವಿಧಾನ, ಗುರುತಿಸಿದ ಬಗೆ, ಒಣಗಿಸಿದ ಮಾದರಿಯನ್ನು ಉಳಿಸಿಕೊಂಡಿರುವ ವಿವರ, ಜೊತೆಗೆ ಮದ್ದು ಕೊಟ್ಟ ವೈದ್ಯರ ಹಿನ್ನೆಲೆ, ಎಲ್ಲವೂ ದಾಖಲಾಗಬೇಕೆಂಬುದು ಅದರ ಆಗ್ರಹ.

ಕ್ಷೇತ್ರಕಾರ್ಯದ ಶಿಸ್ತಿಗೆ ಇದು ತೀರ ಹತ್ತಿರದ್ದು. ಹಾಡಿದವರು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬುದಿಲ್ಲದ ಪಠ್ಯ ಅರೆಬರೆಯೆಂದು ಜಾನಪದ ವಿದ್ವಾಂಸರು ಒಪ್ಪಿ ದಶಕಗಳಾಗಿವೆ. 1964ರಷ್ಟು ಹಿಂದೆಯೇ ಅಲನ್ ಡಂಡೆಸ್ ಪಠ್ಯದೊಡನೆ ಸಂದರ್ಭವನ್ನೂ ದಾಖಲಿಸಬೇಕೆಂದು ವಾದಿಸಿದ್ದರು. ವಿಪರ್ಯಾಸವೆಂದರೆ, ಹಾಡು ಕಥೆಗಳಿಗೆ ಅನ್ವಯಿಸಿದ ಈ ನಿಯಮವನ್ನು ಮದ್ದಿನ ಸಂಗ್ರಹಗಳಿಗೆ ಅಷ್ಟು ನಿಷ್ಠೆಯಿಂದ ಅನ್ವಯಿಸಿಲ್ಲ. ‘ನೆಲನೆಲ್ಲಿಯನ್ನು ಅರೆದು ಕುಡಿಸುವುದು’ ಎಂಬ ಒಂದು ಸಾಲಿಗೇ ಮುಗಿಯುವ ನಮೂದಿನಿಂದ ಪ್ರಯೋಗಕಾರನಿಗೆ ಏನೂ ದಕ್ಕದು.

ಪ್ರಯೋಗವನ್ನು ಆರಂಭಕ್ಕೆ ಮೊದಲೇ ನೋಂದಾಯಿಸುವ ಪದ್ಧತಿಯೂ ಈಗ ಬಂದಿದೆ. ಭಾರತದ ನೋಂದಣಿ ವ್ಯವಸ್ಥೆ 2007ರ ಜುಲೈನಲ್ಲಿ ತೊಡಗಿ, 2009ರ ಜೂನ್‌ನಿಂದ ಕಡ್ಡಾಯವಾಯಿತು. ವಿಫಲವಾದ ಪ್ರಯೋಗ ಸದ್ದಿಲ್ಲದೆ ಕಡತ ಸೇರುವುದಕ್ಕೆ ಇದರಿಂದ ಒಂದಿಷ್ಟು ತಡೆಯಾಗಿದೆ.

ಉಳಿಯುವ ತೊಡಕು ಪಥ್ಯದ್ದು. ನಾಟಿವೈದ್ಯರ ದೃಷ್ಟಿಯಲ್ಲಿ ಪಥ್ಯವಿಲ್ಲದ ಮದ್ದು ಮದ್ದೇ ಅಲ್ಲ. ಗಿಡದ ಪುಡಿಯನ್ನಷ್ಟೇ ಕೊಟ್ಟು ಪರೀಕ್ಷಿಸಿದರೆ ಪರೀಕ್ಷೆಗೆ ಒಳಗಾದದ್ದು ಗಿಡವೇ ಹೊರತು ಅವರ ಚಿಕಿತ್ಸೆಯಲ್ಲ. ಫಲ ಬಂದರೂ ಬಾರದಿದ್ದರೂ, ರೋಗಿಗಳು ಆ ದಿನಗಳಲ್ಲಿ ಏನು ಉಂಡರು, ಏನು ಬಿಟ್ಟರು ಎಂಬುದನ್ನು ವರದಿ ಹೇಳಬೇಕಾಗುತ್ತದೆ. ಅದನ್ನು ಕೇಳಿ ಬರೆದುಕೊಳ್ಳುವ ಕೆಲಸದಲ್ಲಿ ಜಾನಪದ ಸಂಗ್ರಾಹಕರಿಗೆ ವೈದ್ಯರಿಗಿಂತ ಹೆಚ್ಚಿನ ರೂಢಿಯಿದೆ.