ಕತೆಗಾರನ ಒಳಗಣ್ಣು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ನೋಡದವರು ವಿರಳ. ಎರಡು ಗುಡ್ಡಗಳ ನಡುವೆ ಕಟ್ಟಿದ ಕಿರಿದಾದ ಏರಿ. ಅದರ ಹಿಂದೆ ಕಣ್ಣು ಹಾಯುವವರೆಗೂ ಹಬ್ಬಿದ ನೀರು. ಒಂದು ದಿನ ಬೆಳಕಿನ ಪಾಠ ಮುಗಿದ ಮೇಲೆ ನಾವು ತರಗತಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆವು. "ಎಲ್ಲರೂ ಕಣ್ಣು ಮುಚ್ಚಿ, ಸಂಜೆಯ ಸೂಳೆಕೆರೆಯನ್ನು ನೋಡಿರಿ. ಏನೇನು ಕಂಡಿತೆಂದು ಹೇಳಿರಿ" ಎಂದೆವು. ಒಬ್ಬನಿಗೆ ಅಲೆಗಳ ಮೇಲಿನ ಕೆಂಪು ಕಂಡಿತು. ಇನ್ನೊಬ್ಬನಿಗೆ ತೂಬಿನ ಬಳಿ ನಿಂತ ಮುದುಕ ಕಂಡ. ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಮಾತ್ರ ಅಳುಕುತ್ತ, "ನನಗೇನೂ ಕಾಣುವುದಿಲ್ಲ ಸರ್. ಕೆರೆ ಹೇಗಿದೆಯೆಂದು ಗೊತ್ತು, ಅಷ್ಟೆ" ಎಂದಳು. ತರಗತಿ ನಕ್ಕಿತು. ಆಮೇಲೆ ತಿಳಿದುಬಂದುದೇನೆಂದರೆ, ಆಕೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕತೆ ಬರೆಯುತ್ತಿದ್ದಳು. "ಕಾಣದವಳು ಕತೆ ಬರೆಯಬಹುದೇ?" ಎಂಬುದು ಆಕೆಯ ಪ್ರಶ್ನೆ. ಅಂದು ನಾವು ಅವಸರದಲ್ಲಿ ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದ್ದರಿಂದ ಈ ಲೇಖನ.

ಬೆಳಕಿಲ್ಲದ ನೋಟ

ನಾವು ಕಣ್ಣಿನಿಂದ ನೋಡುವಾಗ ನಡೆಯುವುದೇನು? ವಸ್ತುವಿನಿಂದ ಹೊರಟ ಬೆಳಕು ಕಣ್ಣಿನ ಮಸೂರದ ಮೂಲಕ ಹಾದು, ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಅಲ್ಲಿಂದ ಅದು ನರಸಂಕೇತಗಳಾಗಿ ಮಾರ್ಪಟ್ಟು, ತಲೆಯ ಹಿಂಭಾಗದಲ್ಲಿರುವ ಮಿದುಳಿನ ದೃಷ್ಟಿವಲಯವನ್ನು ತಲುಪುತ್ತದೆ. ಊಹಿಸಿಕೊಳ್ಳುವಾಗ ಬೆಳಕೂ ಇಲ್ಲ, ಬಿಂಬವೂ ಇಲ್ಲ. ಆಗ ಮಿದುಳಿನ ಮುಂಭಾಗವೂ ನೆನಪಿನ ಕೇಂದ್ರಗಳೂ ದೃಷ್ಟಿವಲಯದತ್ತ ಹಿಮ್ಮುಖವಾಗಿ ಸಂಕೇತಗಳನ್ನು ಕಳುಹಿಸುತ್ತವೆ. ನಾಟಕಶಾಲೆ ಅದೇ, ಆದರೆ ನಟರು ಬರುವುದು ಹಿಂಬಾಗಿಲಿನಿಂದ ಎನ್ನಬಹುದು.

ಈ ಎರಡು ನೋಟಗಳು ಎಷ್ಟು ಹತ್ತಿರದ ಬಂಧುಗಳೆಂಬುದನ್ನು 1910ರಲ್ಲಿ ಅಮೆರಿಕದ ವಿಜ್ಞಾನಿ ಪರ್ಕಿ ಎಂಬಾಕೆ ಜಾಣ್ಮೆಯಿಂದ ತೋರಿಸಿದಳು. ಮಬ್ಬುಗಾಜಿನ ಪರದೆಯನ್ನು ದಿಟ್ಟಿಸುತ್ತ ಬಾಳೆಹಣ್ಣು, ಕಿತ್ತಳೆ ಮುಂತಾದವನ್ನು ಊಹಿಸಿಕೊಳ್ಳುವಂತೆ ಆಕೆ ಜನರನ್ನು ಕೇಳಿಕೊಂಡಳು. ಅವರಿಗೆ ಅರಿವಾಗದಂತೆ ಪರದೆಯ ಹಿಂದಿನಿಂದ ಅದೇ ವಸ್ತುವಿನ ಬಹು ಮಸುಕಾದ ಚಿತ್ರವನ್ನು ನಿಜವಾಗಿಯೇ ಬಿಡಲಾಗುತ್ತಿತ್ತು. ನೋಡಿದವರು ಅದನ್ನು ತಮ್ಮ ಕಲ್ಪನೆಯೆಂದೇ ನಂಬಿದರು!

2014ರಲ್ಲಿ ನಾರ್ವೆ ದೇಶದ ಓಸ್ಲೋದಲ್ಲಿ ಲೇಂಗ್ ಮತ್ತು ಸುಲುಟ್ವೆಡ್ಟ್ ಎಂಬವರು ಇನ್ನೊಂದು ಸೋಜಿಗವನ್ನು ಕಂಡರು. ಬಿಸಿಲನ್ನು ಬರಿದೇ ಊಹಿಸಿಕೊಂಡರೂ ಕಣ್ಣಿನ ಪಾಪೆ ಕಿರಿದಾಗುತ್ತದೆ. ಕತ್ತಲೆ ಕೋಣೆಯನ್ನು ನೆನೆದರೆ ಹಿಗ್ಗುತ್ತದೆ. ಇಲ್ಲದ ಬೆಳಕಿಗೂ ಕಣ್ಣು ಓಗೊಡುತ್ತದೆ.

ಬೆಳಗಿನ ಉಪಾಹಾರದ ಪ್ರಶ್ನೆ

ಹಾಗಾದರೆ ಆ ವಿದ್ಯಾರ್ಥಿನಿಗೆ ಏಕೆ ಕಾಣಲಿಲ್ಲ? ಈ ಪ್ರಶ್ನೆ ಹೊಸದಲ್ಲ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಹಲವರಿಗೆ ಪ್ರಶ್ನಾವಳಿ ಕಳುಹಿಸಿ, ಅಂದು ಬೆಳಿಗ್ಗೆ ತಾವು ಉಂಡ ಮೇಜನ್ನು ನೆನೆದು, ಚಿತ್ರ ಸ್ಫುಟವೋ ಮಸುಕೋ, ಬಣ್ಣಗಳಿವೆಯೋ ಇಲ್ಲವೋ ಎಂದು ತಿಳಿಸುವಂತೆ ಕೇಳಿದನು. ಕೆಲವರಿಗೆ ಎಲ್ಲವೂ ಕಣ್ಣೆದುರಿನಂತೆಯೇ ಕಂಡಿತು. ಹಲವು ವಿಜ್ಞಾನಿಗಳಿಗೆ ಮಾತ್ರ 'ಮನಸ್ಸಿನ ಚಿತ್ರ' ಎಂಬ ಮಾತೇ ವಿಚಿತ್ರವಾಗಿ ತೋರಿತು.

ಈ ಸ್ಥಿತಿಗೆ 2015ರಲ್ಲಿ ಆಡಮ್ ಜೆಮನ್ ಮತ್ತು ಸಂಗಡಿಗರು 'ಅಫ್ಯಾಂಟೇಸಿಯ' ಎಂಬ ಹೆಸರಿಟ್ಟರು. ನಾವು ಇದನ್ನು 'ಚಿತ್ರರಹಿತ ಮನಸ್ಸು' ಎನ್ನೋಣ. ನೂರರಲ್ಲಿ ಒಬ್ಬರಿಂದ ನಾಲ್ವರವರೆಗೆ ಇಂಥವರು ಇರಬಹುದೆಂದು ಅಂದಾಜು. ಬೆಳಗುವ ಆಕೃತಿಯನ್ನು ನೆನೆದರೆ ಇಂಥವರ ಪಾಪೆ ಕಿರಿದಾಗುವುದಿಲ್ಲವೆಂದು 2022ರಲ್ಲಿ ಆಸ್ಟ್ರೇಲಿಯದ ಪ್ರಯೋಗವೊಂದು ತೋರಿಸಿತು. ಎಂದರೆ, 'ಕಾಣುವುದಿಲ್ಲ' ಎಂಬ ಆ ಹುಡುಗಿಯ ಮಾತು ನೆಪವಲ್ಲ, ಅಳೆಯಬಹುದಾದ ಸಂಗತಿ. ಇದು ರೋಗವೂ ಅಲ್ಲ, ಮಂದಬುದ್ಧಿಯೂ ಅಲ್ಲ.

ನೆನಪೆಂಬ ಉಗ್ರಾಣ

ಕಲ್ಪನೆಗೆ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ? 2007ರಲ್ಲಿ ಲಂಡನ್ನಿನ ಹಸಾಬಿಸ್, ಮಗ್ವಾಯರ್ ಮತ್ತು ಸಂಗಡಿಗರು, ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹಾನಿಯಾಗಿ ನೆನಪು ಕಳೆದುಕೊಂಡಿದ್ದ ಐವರನ್ನು ಪರೀಕ್ಷಿಸಿದರು. ಮರಳಿನ ಕಡಲತೀರದಲ್ಲಿ ಮಲಗಿರುವುದಾಗಿ ಊಹಿಸಿಕೊಂಡು ವರ್ಣಿಸಿರೆಂದಾಗ, ಅವರಿಂದ ಬಂದುದು ಚೂರುಚೂರಾದ ವರ್ಣನೆ. ಚೂರುಗಳನ್ನು ಕೂಡಿಸಿ ಒಂದು ಸ್ಥಳವನ್ನಾಗಿ ಕಟ್ಟಲು ಅವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ನಡೆದುದನ್ನು ನೆನೆಯುವುದಕ್ಕೂ ನಡೆಯದುದನ್ನು ಕಲ್ಪಿಸುವುದಕ್ಕೂ ಮಿದುಳು ಬಹುಮಟ್ಟಿಗೆ ಒಂದೇ ಯಂತ್ರವನ್ನು ಬಳಸುತ್ತದೆಯೆಂದು ಇದರಿಂದ ಊಹಿಸಬಹುದು. ಬರಿಯ ಶೂನ್ಯದಿಂದ ಯಾವ ಕತೆಗಾರನೂ ಸೃಷ್ಟಿಸಲಾರ. ಉಗ್ರಾಣದಲ್ಲಿ ಅಕ್ಕಿಯಿದ್ದರೆ ತಾನೆ ಅಡುಗೆ?

ಇದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಕಾದಂಬರಿಕಾರ ತ. ರಾ. ಸುಬ್ಬರಾಯರು 1920ರಲ್ಲಿ ಹುಟ್ಟಿದ್ದು ಹೊನ್ನಾಳಿ, ಚನ್ನಗಿರಿಗಳಿಗೆ ಸಮೀಪದ ಮಲೆಬೆನ್ನೂರಿನಲ್ಲಿ. ಅವರ ಕಾದಂಬರಿಗಳ ದೊಡ್ಡ ರಂಗಭೂಮಿ ಚಿತ್ರದುರ್ಗ. 'ನಾಗರಹಾವು' ಕಾದಂಬರಿಯ ಊರೂ ಅದೇ, ಪಾಳೆಯಗಾರರ ಕತೆಗಳ ಊರೂ ಅದೇ. 1982ರಲ್ಲಿ ಪ್ರಕಟವಾದ 'ದುರ್ಗಾಸ್ತಮಾನ'ದ ವಸ್ತು, 1779ರಲ್ಲಿ ಹೈದರಾಲಿಗೆ ಸೋತ ಕೊನೆಯ ಮದಕರಿನಾಯಕನ ಕತೆ. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ನಾಯಕನನ್ನು ಕಂಡವರು ಇಪ್ಪತ್ತನೆಯ ಶತಮಾನದಲ್ಲಿ ಯಾರಿದ್ದರು? ಆದರೆ ಕೋಟೆಯ ಬಂಡೆಗಳಿದ್ದವು, ಬಾಗಿಲುಗಳಿದ್ದವು, ಹೊಂಡಗಳಿದ್ದವು. ಶಾಸನಗಳೂ ಕೈಫಿಯತ್ತುಗಳೂ ಜನರ ಬಾಯಲ್ಲುಳಿದ ಐತಿಹ್ಯಗಳೂ ಇದ್ದವು. ಇತಿಹಾಸ ಎಲುಬನ್ನು ಕೊಡುತ್ತದೆ. ರಕ್ತಮಾಂಸ ತುಂಬುವುದು ಬರೆಯುವವನ ಅನುಭವ.

ಪಾತ್ರಗಳ ವಿಷಯವೂ ಹೀಗೆಯೇ. ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ಗೆ ಮಾದರಿಯಾದವನು ವೈದ್ಯ ವಿದ್ಯಾಲಯದಲ್ಲಿ ಅವನ ಗುರುವಾಗಿದ್ದ ಡಾಕ್ಟರ್ ಜೋಸೆಫ್ ಬೆಲ್. ರೋಗಿಯ ನಡೆಯುಡಿಯಿಂದಲೇ ಆತನ ಕಸುಬನ್ನು ಹೇಳಬಲ್ಲವನಾಗಿದ್ದ ಬೆಲ್.

ಒಳಗಣ್ಣು ಮಾತ್ರವಲ್ಲ

ಪಾತ್ರ ಮೂಡುವುದು ಕಣ್ಣಿನ ಮುಖಾಂತರವೇ ಆಗಬೇಕಿಲ್ಲ. ಎಡಿನ್‌ಬರೊ ಪುಸ್ತಕೋತ್ಸವಕ್ಕೆ ಬಂದಿದ್ದ 181 ಮಂದಿ ಲೇಖಕರನ್ನು ಡರಮ್ ವಿಶ್ವವಿದ್ಯಾಲಯದ ಸಂಶೋಧಕರು ವಿಚಾರಿಸಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬರೆಯುವಾಗ ಪಾತ್ರಗಳ ದನಿ ತಮಗೆ ಕೇಳಿಸುತ್ತದೆಯೆಂದವರು ನೂರಕ್ಕೆ 63 ಮಂದಿ. ಉಳಿದವರೂ ಲೇಖಕರೇ ಎಂಬುದನ್ನು ಮರೆಯಬಾರದು. ಇಂಗ್ಲಿಷಿನ ಕಾದಂಬರಿಕಾರ ಮಾರ್ಕ್ ಲಾರೆನ್ಸ್ ತನ್ನ ಮನಸ್ಸಿನಲ್ಲಿ ಚಿತ್ರಗಳೇ ಮೂಡುವುದಿಲ್ಲವೆಂದು ಹೇಳಿಕೊಂಡಿದ್ದಾನೆ. ಚಲಿಸುವ ಚಿತ್ರಗಳನ್ನು ಗಣಕಯಂತ್ರದಿಂದ ರಚಿಸಿ ಹೆಸರಾದ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಎಡ್ ಕ್ಯಾಟ್ಮಲ್ ಕೂಡ ಇಂಥವನೇ. ಒಂದು ಬಾಗಿಲು ಮುಚ್ಚಿದ್ದರೆ ಮನಸ್ಸು ಮತ್ತೊಂದರಿಂದ ಹೊಗುತ್ತದೆ: ಸ್ಥಳದ ಅರಿವು, ಮಾತಿನ ಲಯ, ಕಾರ್ಯಕಾರಣಗಳ ಎಳೆ.

ನಮ್ಮ ನಾಲ್ಕು ತಾಲ್ಲೂಕುಗಳು

ಉಗ್ರಾಣವನ್ನು ತುಂಬಿಕೊಳ್ಳಲು ದೂರ ಹೋಗಬೇಕಿಲ್ಲ. ಚನ್ನಗಿರಿಯ ಅಡಕೆಯ ತೋಟಗಳು, ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಅದರ ನಡುನೀರಿನ ಮಂಟಪ. ಹೊನ್ನಾಳಿಯಲ್ಲಿ ಹರಿಯುವ ತುಂಗಭದ್ರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಾತ್ರೆಗೆ ಹಾಡುತ್ತ ಬರುವ ಲಂಬಾಣಿ ಜನ. ಜಗಳೂರಿನ ಒಣನೆಲ, ನಾಲ್ಕು ಕೊಂಬಿನ ಕೊಂಡುಕುರಿಗೆ ಆಶ್ರಯವಾದ ರಂಗಯ್ಯನದುರ್ಗದ ಕುರುಚಲು ಕಾಡು. ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ನೆಲವೂ ನುಡಿಯೂ ಇವೆ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿನೋಡಬಹುದು. ವಾರಕ್ಕೊಮ್ಮೆ ಒಂದು ಸ್ಥಳದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿರಿ; ಸಂತೆಯಾಗಲಿ, ಬಸ್ ನಿಲ್ದಾಣವಾಗಲಿ. ಕಂಡುದನ್ನಷ್ಟೇ ಅಲ್ಲದೆ ಕೇಳಿದ ಮಾತು, ಮೂಗಿಗೆ ಬಂದ ವಾಸನೆ, ಕಾಲಿಗೆ ತಗುಲಿದ ನೆಲದ ಬಿಸಿ ಎಲ್ಲವನ್ನೂ ಟಿಪ್ಪಣಿ ಮಾಡಿರಿ. 'ಸುಂದರವಾಗಿತ್ತು' ಎಂದು ಬರೆಯಬೇಡಿರಿ; ಇದ್ದುದೇನೆಂಬುದನ್ನು ಬರೆಯಿರಿ. ಪ್ರಯೋಗಶಾಲೆಯ ದಾಖಲೆಯ ನಿಯಮವೂ ಇದೇ ಅಲ್ಲವೇ? ತಿಂಗಳ ಕೊನೆಗೆ ಒಂದು ಸ್ಥಳದ ನೆಲ, ಇನ್ನೊಂದರ ದನಿ, ಮೂರನೆಯದರ ಮುಖ ಇವನ್ನು ಬೆಸೆದು ಒಂದು ಪುಟ ಬರೆದರೆ, ಕಲ್ಪನೆಯ ಕೆಲಸ ಎಂಥದೆಂಬುದು ತಾನಾಗಿಯೇ ತಿಳಿಯುತ್ತದೆ.

ಆ ವಿದ್ಯಾರ್ಥಿನಿಗೆ ನಾವೀಗ ಹೇಳುವುದಿಷ್ಟು. ಸೂಳೆಕೆರೆ ನಿನ್ನ ಮುಚ್ಚಿದ ಕಣ್ಣಿಗೆ ಕಾಣದಿದ್ದರೆ ಚಿಂತೆಯಿಲ್ಲ. ಕೆರೆ ಹೇಗಿದೆಯೆಂದು ಗೊತ್ತು ಎಂದೆಯಲ್ಲ, ಆ 'ಗೊತ್ತು' ಎಂಬುದರಲ್ಲಿಯೇ ಬಂಡವಾಳವಿದೆ. ಕೆರೆಯನ್ನು ಕಾಣಬೇಕಾದವನು ಓದುಗ. ಅವನಿಗೆ ಕಾಣುವಂತೆ ಬರೆಯುವುದಷ್ಟೇ ನಿನ್ನ ಕೆಲಸ. ಅಂದು ನಕ್ಕವರಿಗೂ ಒಂದು ಮಾತು: ಪ್ರಯೋಗದಲ್ಲಿ ಎಲ್ಲರಿಗಿಂತ ಬೇರೆಯಾದ ಅಂಕಿಯೊಂದು ಬಂದರೆ, ಅದನ್ನು ನೋಡಿ ನಗುವುದು ವಿಜ್ಞಾನದ ಪದ್ಧತಿಯಲ್ಲ, ಏಕೆ ಬಂದಿತೆಂದು ಕೇಳುವುದು ಪದ್ಧತಿ.