ಅಡಿಕೆ ಬೀಜದ ಮೊಳಕೆ: ಶಾಖ ಮತ್ತು ಮಡಿಯ ಪಾತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಪೇಟೆಯಲ್ಲಿ ಅಡಿಕೆಗೆ ಬೆಲೆ ಬರುವುದು ಅದು ಚೆನ್ನಾಗಿ ಒಣಗಿದಾಗ. ಬೀಜದಡಿಕೆಯ ವಿಷಯ ಇದಕ್ಕೆ ತೀರ ವಿರುದ್ಧವಾದುದು. ಚಾಲಿಗಾಗಿ ಹಣ್ಣಡಿಕೆಯನ್ನು ಸುಮಾರು 40 ದಿನ ಬಿಸಿಲಿಗೆ ಹರಡಲಾಗುತ್ತದೆ. ಹಾಗೆ ಒಣಗಿದ ಬೀಜದೊಳಗಿನ ಭ್ರೂಣ ಸತ್ತಿರುತ್ತದೆ, ಬಳಿಕ ಎಷ್ಟು ನೀರುಣಿಸಿದರೂ ಮೊಳೆಯದು. ದಾಸ್ತಾನಿಟ್ಟು ದರ ಕಾಯುವ ವ್ಯಾಪಾರಕ್ರಮ ಸಸಿ ಉದ್ಯಮಕ್ಕೆ ಸಲ್ಲದೆಂಬುದು ಇದರಿಂದ ಸ್ಪಷ್ಟ. ಪೂರ್ಣ ಹಣ್ಣಾದ, 35 ಗ್ರಾಂ ಮೀರಿದ ಅಡಿಕೆಯನ್ನು ಸಿಪ್ಪೆಸಹಿತವಾಗಿ ಕೊಯ್ದ ಕೂಡಲೇ ಬಿತ್ತಬೇಕು. ನೀರಿನಲ್ಲಿ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಅಡಿಕೆ ಶ್ರೇಷ್ಠ.

ಮಡಿಗೆ ಮರಳೇ ಯೋಗ್ಯ. ಅದರಲ್ಲಿ ಸಾರವಿಲ್ಲವೆಂಬ ಆಕ್ಷೇಪಕ್ಕೆ ಅರ್ಥವಿಲ್ಲ. ಮೊಳಕೆಗೆ ಬೇಕಾದ ಆಹಾರ ಬೀಜದಲ್ಲಿಯೇ ಇದೆ. ಬೇಕಾದುದು ತೇವ ಮತ್ತು ಗಾಳಿ. ಜಿಗುಟು ಮಣ್ಣಿನಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ. 5 ಸೆಂ.ಮೀ. ಅಂತರದಲ್ಲಿ, ತೊಟ್ಟನ್ನು ಮೇಲ್ಮುಖವಾಗಿಸಿ ಊರಿ, ಮರಳು ಮುಚ್ಚಿ, ನಿತ್ಯ ನೀರು ಚಿಮುಕಿಸಬೇಕು.

ಅಡಿಕೆಗೆ ಒಗ್ಗುವ ಉಷ್ಣತೆ 14ರಿಂದ 36 ಡಿಗ್ರಿ ಸೆಲ್ಸಿಯಸ್. ಘಟ್ಟದ ಮೇಲಿನ ಚಳಿಗಾಲದ ರಾತ್ರಿಗಳಲ್ಲಿ ಮೊಳಕೆ ನಿಧಾನವಾಗುವುದು ಸಹಜ. ಬೇಸಿಗೆಯ ನೇರ ಬಿಸಿಲು ಮರಳನ್ನು ಕಾಯಿಸಿ ಒಣಗಿಸುತ್ತದೆ. ಚಪ್ಪರದ ನೆರಳು ಅದಕ್ಕಾಗಿಯೇ. ಮೊದಲ ಮೊಳಕೆಗೆ ಆರು ವಾರ, ಎಲ್ಲವೂ ಮೊಳೆಯಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಎರಡನೆಯ ತಿಂಗಳಿಗೇ ಮಡಿ ಕಿತ್ತುಹಾಕಿ ನಷ್ಟ ಬರೆದುಕೊಳ್ಳುವುದು ಆತುರ.

ಎರಡೆಲೆಯ ಸಸಿಯನ್ನು ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು 7:3:2ರಂತೆ ತುಂಬಿದ ಚೀಲಕ್ಕೆ ವರ್ಗಾಯಿಸಬೇಕು. ತೋಟಕ್ಕೆ ಸಲ್ಲುವುದು 12ರಿಂದ 18 ತಿಂಗಳ ಸಸಿ. ಆದುದರಿಂದ ಮಳೆಗಾಲದ ಬೇಡಿಕೆಗೆ ಹಿಂದಿನ ವರ್ಷವೇ ಬಿತ್ತಿರಬೇಕು.