ಉಕ್ಕಿನ ಗುರಿಫಲಕ ಮುಂದಕ್ಕೆ ಬಾಗಿರುವುದೇಕೆ?

ಪ್ರಶ್ನೆ: ಶೂಟಿಂಗ್ ರೇಂಜ್‌ನಲ್ಲಿ ಉಕ್ಕಿನ ಗುರಿಫಲಕವನ್ನು ಮುಂದಕ್ಕೆ ಬಾಗಿಸುವುದೇಕೆ? ಯಾವ ಪ್ಲೇಟಾದರೂ ನಡೆದೀತೇ?
– ಓದುಗರೊಬ್ಬರು, ಕೋರ

ಉತ್ತರ: ಸೀಸದ ಗುಂಡು ಗಟ್ಟಿ ಉಕ್ಕಿಗೆ ಬಡಿದರೆ ಒಡೆದು, ಚೂರುಗಳು ಫಲಕದ ಮೈಗುಂಟ ಸುತ್ತಲೂ ಸಿಡಿಯುತ್ತವೆ. ಮೇಲಂಚನ್ನು ಶೂಟರ್ ಕಡೆಗೆ ಸುಮಾರು 20 ಡಿಗ್ರಿ ಬಾಗಿಸಿದರೆ ಹೆಚ್ಚಿನವು ನೆಲದತ್ತ ತಿರುಗುತ್ತವೆ.

ಕೋರ ಹೋಬಳಿಯಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ, ಕಬ್ಬಿಣಕ್ಕೇನೂ ಬರವಿಲ್ಲ. ಆದರೆ ಸಾಮಾನ್ಯ ಎಂ.ಎಸ್. ಪ್ಲೇಟಿನ ಗಡಸುತನ ಬ್ರಿನೆಲ್ ಅಳತೆಯಲ್ಲಿ 150ರ ಆಸುಪಾಸು; ಇಲ್ಲಿ ಬೇಕಾದದ್ದು 500ರಷ್ಟು. ಮೆದು ಪ್ಲೇಟಿನಲ್ಲಿ ಕುಳಿ ಬೀಳುತ್ತದೆ, ಕುಳಿಗೆ ಬಡಿದ ಚೂರು ಹೊಡೆದವರ ಮುಖಕ್ಕೇ ಮರಳಬಹುದು. ಕುಳಿಬಿದ್ದ ಫಲಕ ಗುಜರಿಗೆ ಹೋಗಬೇಕು. ಗಡಸು ಪ್ಲೇಟಿಗೂ ವೆಲ್ಡಿಂಗ್ ಹಾಕಿದರೆ ಕಾದ ಜಾಗ ಮೆತ್ತಗಾಗುತ್ತದೆ; ಸರಪಳಿಯಲ್ಲಿ ತೂಗುಹಾಕುವುದೇ ವಾಸಿ.

ಪಿಸ್ತೂಲಿಗೆ ಕನಿಷ್ಠ 9 ಮೀಟರ್, ರೈಫಲ್‌ಗೆ 91 ಮೀಟರ್ ದೂರವಿರಲಿ. ಕನ್ನಡಕ ನೋಡುಗರಿಗೂ ಕಡ್ಡಾಯ.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಹೊಡೆಯುವ ತೆಂಗಿನಕಾಯಿಗೆ ಈ ತಕರಾರಿಲ್ಲ. ಗುಂಡು ಅದನ್ನು ತೂರಿಕೊಂಡೇ ಹೋಗುತ್ತದೆ. ಅಲ್ಲಿ ನೋಡಬೇಕಾದದ್ದು ಕಾಯಿಯ ಹಿಂದೇನಿದೆ ಎಂಬುದನ್ನು.

ಏರ್‌ಗನ್ನಿನ ಉಕ್ಕಿನ ಗೋಲಿಗಳನ್ನಂತೂ ಇಂಥ ಫಲಕಕ್ಕೆ ಹೊಡೆಯಲೇಬಾರದು. ಅವು ಪುಡಿಯಾಗುವುದಿಲ್ಲ, ಪುಟಿದು ವಾಪಸ್ ಬರುತ್ತವೆ.